ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್: ಗಂಟೆಯ ಲೆಕ್ಕ, ಬೆಂಕಿಯ ಎಚ್ಚರ



2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತ ಸುದ್ದಿ ಬಂದಾಗ, ಆ ಕಪ್ಪು ಸಿಲಿಂಡರಿನ ಬೆಲೆ ಏನೆಂದು ನಾಡಿಗೆಲ್ಲ ತಿಳಿಯಿತು. ಕೋವಿಡ್ ಅಲೆ ಇಳಿಯಿತು, ಸಿಲಿಂಡರಿನ ಅಗತ್ಯ ಮಾತ್ರ ಇಳಿಯಲಿಲ್ಲ. ಹತ್ತಾರು ವರ್ಷ ಸೌದೆ ಒಲೆಯ ಹೊಗೆ ಕುಡಿದ ಅಜ್ಜಿಯರು, ಬೀಡಿ ಬಿಡದ ತಾತಂದಿರು, ಕಲ್ಲು ಕ್ವಾರಿಯ ದೂಳಿನಲ್ಲಿ ದುಡಿದವರು, ಕ್ಷಯ ವಾಸಿಯಾದರೂ ಶ್ವಾಸಕೋಶದಲ್ಲಿ ಅದರ ಕಲೆ ಉಳಿಸಿಕೊಂಡವರು, ಇವರಲ್ಲಿ ಕೆಲವರಿಗೆ ವೈದ್ಯರು ಮನೆಯಲ್ಲೇ ಆಕ್ಸಿಜನ್ ಇಟ್ಟುಕೊಳ್ಳಿ ಅನ್ನುತ್ತಾರೆ.

ಸಿಲಿಂಡರ್ ಮನೆಗೆ ಬಂತೆಂದರೆ ಇನ್ನು ಮುಗಿಯಿತು ಅಂತ ನೆಂಟರು ನೋಡಲು ಬರುವ ರೂಢಿ ನಮ್ಮಲ್ಲಿದೆ. ಅದು ತಪ್ಪು. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಾದ, ದೀರ್ಘಕಾಲದ ಶ್ವಾಸಕೋಶ ರೋಗದವರು ದಿನಕ್ಕೆ 15 ಗಂಟೆ ಅಥವಾ ಹೆಚ್ಚು ಹೊತ್ತು ಆಕ್ಸಿಜನ್ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆಂದು 1980 ಮತ್ತು 1981ರಲ್ಲೇ ಅಮೆರಿಕ, ಬ್ರಿಟನ್ನಿನ ಅಧ್ಯಯನಗಳು ತೋರಿಸಿಕೊಟ್ಟಿವೆ.

ಮೊದಲು ಲೆಕ್ಕ ಕಲಿಯೋಣ. ಮನೆಗೆ ಸಾಮಾನ್ಯವಾಗಿ ಬರುವುದು ಬಿ ಟೈಪ್ ಸಿಲಿಂಡರ್. ಕಪ್ಪು ಮೈ, ಬಿಳಿ ಹೆಗಲು. ಒಳಗೆ 10 ಲೀಟರ್ ನೀರು ಹಿಡಿಯುವಷ್ಟು ಜಾಗ. ಭರ್ತಿಯಾಗಿದ್ದಾಗ ರೆಗ್ಯುಲೇಟರಿನ ಮೀಟರ್ ಮುಳ್ಳು ಹೆಚ್ಚುಕಡಿಮೆ 150 ತೋರಿಸುತ್ತದೆ. ಹತ್ತನ್ನು ನೂರೈವತ್ತರಿಂದ ಗುಣಿಸಿ: 1,500 ಲೀಟರ್ ಆಕ್ಸಿಜನ್. ವೈದ್ಯರು ನಿಮಿಷಕ್ಕೆ 2 ಲೀಟರ್ ಬರೆದಿದ್ದರೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ಮುಳ್ಳು 75ಕ್ಕೆ ಇಳಿದಿದ್ದರೆ ಆರು ಗಂಟೆಗೆ ಸ್ವಲ್ಪ ಮೇಲೆ. ಕೆಲವು ಮೀಟರುಗಳಲ್ಲಿ ಪಿಎಸ್‌ಐ ಅನ್ನುವ ದೊಡ್ಡ ಅಂಕಿಗಳೂ ಇರುತ್ತವೆ, ಅಲ್ಲಿ 2,000 ಅಂದರೆ ಸುಮಾರು 140. ಯಾವ ಸಾಲಿನ ಅಂಕಿ ಓದಬೇಕೆಂದು ಸಿಲಿಂಡರ್ ಕೊಡುವವರಿಂದಲೇ ಕೇಳಿ ತಿಳಿದುಕೊಳ್ಳಿ.

ಈ ಗುಣಾಕಾರ ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕುಗಳವರಿಗೆ ಯಾಕೆ ಮುಖ್ಯ ಅಂದರೆ, ದೂರ. ಕೊರಟಗೆರೆಯವರಿಗೆ ತುಮಕೂರು ಹತ್ತಿರ. ಪಾವಗಡದಿಂದ ಮಧುಗಿರಿ ಮೇಲೆ ತುಮಕೂರಿಗೆ ನೂರು ಕಿಲೋಮೀಟರಿನ ಆಸುಪಾಸು; ಎರಡೂವರೆ ಗಂಟೆ ಹಿಡಿಯಬಹುದು. ಕೈಯಲ್ಲಿ ಹಿಡಿದು ಒಯ್ಯುವ 2 ಲೀಟರಿನ ಚಿಕ್ಕ ಸಿಲಿಂಡರಿನಲ್ಲಿ ಇರುವುದು 300 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಅದೂ ಸರಿಯಾಗಿ ಎರಡೂವರೆ ಗಂಟೆ! ಆಸ್ಪತ್ರೆಯ ಬಾಗಿಲಿಗೆ ಬರುವಾಗ ಮುಳ್ಳು ಸೊನ್ನೆ. ಓಪಿಡಿ ಚೀಟಿಗೆ ಕಾಯುವುದು, ವಾಪಸು ಬರುವುದು ಲೆಕ್ಕಕ್ಕೇ ಬಂದಿಲ್ಲ. ಪ್ರಯಾಣಕ್ಕೆ ಬೇಕಾದಷ್ಟರ ಎರಡರಷ್ಟು ಜೊತೆಗಿರಲಿ ಅನ್ನುವುದು ನನ್ನ ಸಲಹೆ.

ಇನ್ನು ಬೆಂಕಿ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ಅದು ಇರುವುದು ನೂರಕ್ಕೆ 21 ಭಾಗ. ಅದು ಹೆಚ್ಚಾದ ಕಡೆ ಬಟ್ಟೆ, ಕೂದಲು, ಹಾಸಿಗೆ ಎಲ್ಲವೂ ಭಗ್ಗನೆ ಹತ್ತಿಕೊಳ್ಳುತ್ತವೆ. ಒಲೆ, ಬಚ್ಚಲ ಹಂಡೆ, ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ, ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ, ಇವೆಲ್ಲ ಕನಿಷ್ಠ ಹತ್ತು ಅಡಿ ದೂರ ಇರಬೇಕು. ಒಂದೇ ಕೋಣೆಯ ಮನೆಯಾದರೆ ಅಡುಗೆಯನ್ನು ಹೊರಗೆ ಸಾಗಿಸುವುದೇ ದಾರಿ. ಬೀಡಿಯ ವಿಷಯದಲ್ಲಿ ರಾಜಿ ಇಲ್ಲ: ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಬೀಡಿ ಹಚ್ಚಿದರೆ ಮುಖವೇ ಸುಡುತ್ತದೆ. ಆಕ್ಸಿಜನ್ ನಿಲ್ಲಿಸಿದ ಮೇಲೂ ಬಟ್ಟೆ, ರಗ್ಗಿನಲ್ಲಿ ಅದು ಸ್ವಲ್ಪ ಹೊತ್ತು ನಿಂತಿರುತ್ತದೆ. ತಕ್ಷಣ ಒಲೆ ಮುಂದೆ ಹೋಗಿ ಕೂರಬೇಡಿ. ಆಯುಧ ಪೂಜೆಯ ದಿನ ಸಿಲಿಂಡರಿಗೂ ಕುಂಕುಮ ಇಟ್ಟು ಕರ್ಪೂರ ಬೆಳಗುವ ಮನಸ್ಸು ಯಾರಿಗಾದರೂ ಬಂದೀತು. ದೂರದಿಂದ ಕೈ ಮುಗಿದರೆ ಸಾಕು.

ಬೆಂಕಿಗಿಂತ ಮೋಸಗಾರ ಎಣ್ಣೆ. ವಾಲ್ವ್ ಬಿಗಿಯಾಗಿದೆ, ಕಿರುಗುಟ್ಟುತ್ತದೆ ಅಂತ ಕೊಬ್ಬರಿ ಎಣ್ಣೆಯನ್ನೋ ಗ್ರೀಸನ್ನೋ ಹಚ್ಚಿದರೆ, ಹೆಚ್ಚು ಒತ್ತಡದ ಆಕ್ಸಿಜನ್ ತಾಗಿದಾಗ ಕಿಡಿ ಇಲ್ಲದೆಯೂ ಅದು ಹೊತ್ತಿಕೊಳ್ಳಬಹುದು. ತಲೆಗೆ ಎಣ್ಣೆ ಹಚ್ಚಿದ ಕೈ, ಕಡಲೆಕಾಯಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ಕೈ, ಸೋಪು ಹಾಕಿ ತೊಳೆದು ಒರೆಸಿಕೊಂಡ ಮೇಲೇ ಸಿಲಿಂಡರ್ ಮುಟ್ಟಬೇಕು. ರೋಗಿಯ ತುಟಿ, ಮೂಗು ಒಣಗಿದರೆ ವ್ಯಾಸಲಿನ್ ಬೇಡ. ನೀರಿನಂಶದ ಕ್ರೀಮು ಯಾವುದೆಂದು ವೈದ್ಯರನ್ನು ಕೇಳಿ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸಿಲಿಂಡರಿನ ವಾಲ್ವಿಗೆ ಸುತ್ತಬೇಡಿ. ಸೋರಿದರೆ ವಾಷರ್ ನೋಡಬೇಕು, ಇಲ್ಲವೇ ತಂದವರನ್ನೇ ಕರೆಸಬೇಕು.

ವಾಲ್ವನ್ನು ಕೀಯಿಂದ ನಿಧಾನವಾಗಿ ತಿರುಗಿಸಿ, ಮೀಟರಿನ ಎದುರಿಗೆ ಮುಖ ಕೊಡದೆ ಪಕ್ಕಕ್ಕೆ ನಿಂತು. ಒಮ್ಮೆಲೇ ತೆರೆದರೆ ಗ್ಯಾಸು ರೆಗ್ಯುಲೇಟರಿಗೆ ನುಗ್ಗಿ ಒಳಗೆ ಬಿಸಿ ಹುಟ್ಟುತ್ತದೆ. ಸಿಲಿಂಡರನ್ನು ಗೋಡೆಗೋ ಕಂಬಕ್ಕೋ ಸರಪಳಿಯಿಂದ ಕಟ್ಟಿ, ಇಲ್ಲವೇ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಬಿದ್ದು ವಾಲ್ವ್ ಮುರಿದರೆ ಆ ಉಕ್ಕು ರಾಕೆಟ್ಟಿನ ಹಾಗೆ ಹಾರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬಾಗಿಲು ಹಾಕಿದ ಕಾರಿನೊಳಗೆ, ಶೀಟಿನ ಮನೆಯ ಬಿಸಿಲು ಬೀಳುವ ಮೂಲೆಯಲ್ಲಿ ಇಡಬೇಡಿ. ಕಾರಿನಲ್ಲಿ ಒಯ್ಯುವಾಗ ಬಿಗಿಯಾಗಿ ಕಟ್ಟಿ, ಕಿಟಕಿ ಸ್ವಲ್ಪ ತೆರೆದಿರಲಿ. ಐದು ವರ್ಷಕ್ಕೊಮ್ಮೆ ಉಕ್ಕಿನ ಸಿಲಿಂಡರಿನ ಪರೀಕ್ಷೆ ಆಗಬೇಕು. ಅದರ ತಾರೀಕು ಹೆಗಲ ಮೇಲೆ ಅಚ್ಚೊತ್ತಿರುತ್ತದೆ. ಬಾಡಿಗೆಗೆ ತರುವಾಗ ನೋಡಿಕೊಳ್ಳಿ. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಅಗ್ಗಕ್ಕೆ ಸಿಕ್ಕರೂ ಬೇಡ.

ಆಕ್ಸಿಜನ್ನಿಗೆ ತೇವ ಕೊಡುವ, ಗುಳ್ಳೆ ಏಳುವ ಬಾಟಲಿಗೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಆಗದು. ಡಿಸ್ಟಿಲ್ಡ್ ನೀರು, ಇಲ್ಲವೇ ಶುದ್ಧ ನೀರಿನ ಘಟಕದ ನೀರನ್ನು ಕುದಿಸಿ ಆರಿಸಿ, ಗೆರೆ ಮೀರದಂತೆ ಹಾಕಿ, ದಿನಾ ಬದಲಿಸಿ. ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆ ಎಂದು ತಿಳಿಯಲು ಪಕ್ಕದ ಗಾಜಿನ ನಳಿಗೆಯ ಗುಂಡು ಎಲ್ಲಿದೆಯೋ ಅದರ ನಡುಮಟ್ಟ ಓದಿ. ಸಿಲಿಂಡರನ್ನು ಮಲಗಿಸಿದರೆ ಆ ಗುಂಡು ಸುಳ್ಳು ಹೇಳುತ್ತದೆ.

ಉಬ್ಬಸ ಜಾಸ್ತಿಯಾದಾಗ ಪ್ರೀತಿಯಿಂದ ಮಗನೋ ಸೊಸೆಯೋ ಎರಡನ್ನು ಐದಕ್ಕೆ ಏರಿಸುತ್ತಾರೆ. ದೀರ್ಘಕಾಲದ ಶ್ವಾಸಕೋಶ ರೋಗದವರಲ್ಲಿ ಹೆಚ್ಚಿನ ಆಕ್ಸಿಜನ್ ಕಾರ್ಬನ್ ಡೈಆಕ್ಸೈಡನ್ನು ರಕ್ತದಲ್ಲೇ ಏರಿಸಬಲ್ಲದು. ರೋಗಿ ಮಂಪರಿಗೆ ಜಾರುತ್ತಾರೆ, ತಲೆನೋವು ಅನ್ನುತ್ತಾರೆ. ಇಂಥವರಿಗೆ ಬೆರಳಿನ ಆಕ್ಸಿಮೀಟರಿನಲ್ಲಿ 88ರಿಂದ 92 ಇದ್ದರೆ ಸಾಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮವರಿಗೆ ಎಷ್ಟೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದದ್ದಕ್ಕಿಂತ ಹೆಚ್ಚು ಬೇಕೆನಿಸಿದರೆ 108ಕ್ಕೆ ಕರೆ ಮಾಡುವ ಹೊತ್ತು ಬಂದಿದೆ ಎಂದರ್ಥ.

ಸಿಲಿಂಡರಿನ ಬದಲು, ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಕಾನ್ಸೆಂಟ್ರೇಟರ್ ಯಂತ್ರ ಇದ್ದವರಿಗೆ ತುಂಬಿಸುವ ಗೋಳಿಲ್ಲ, ಕರೆಂಟಿನ ಗೋಳಿದೆ. 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಪಾವಗಡದಲ್ಲೇ ಇದ್ದರೂ ಮಳೆಗಾಳಿಗೆ ಹಳ್ಳಿಯ ಲೈನು ಬೀಳುವುದು ತಪ್ಪಿಲ್ಲ. ಹಾಗಾಗಿ ಯಂತ್ರದ ಜೊತೆ ಒಂದು ತುಂಬಿದ ಸಿಲಿಂಡರ್ ಇರಲೇಬೇಕು.

ಮನೆಯಲ್ಲಿ ಸಿಲಿಂಡರ್ ಇರುವ ಕೇಳುಗರು ಈ ಮಾತು ಮುಗಿದ ಕೂಡಲೇ ಮೀಟರ್ ನೋಡಿ. ಎಷ್ಟು ಗಂಟೆಗೆ ಬರುತ್ತದೆಂದು ಲೆಕ್ಕ ಹಾಕಿ, ತುಂಬಿಸಿ ಕೊಡುವವರ ಫೋನ್ ನಂಬರಿನ ಪಕ್ಕದಲ್ಲೇ ಗೋಡೆಯ ಮೇಲೆ ಬರೆದಿಡಿ. ಮುಳ್ಳು ಅರ್ಧಕ್ಕೆ ಇಳಿಯುವ ಮೊದಲೇ ಇನ್ನೊಂದಕ್ಕೆ ಹೇಳಿ.