ಮಲದ ಮಾದರಿಯಲ್ಲಿ ಕರುಳಿನ ಕ್ಯಾನ್ಸರಿನ ಸುಳಿವು



ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಸಂಕೋಚದಿಂದ ಯಾರಿಗೂ ಹೇಳದೆ ಉಳಿಯುವವರು ಅನೇಕರು. ಹಲವು ಬಾರಿ ಅದು ಮೂಲವ್ಯಾಧಿಯೇ ಹೌದು. ಆದರೆ ದೊಡ್ಡ ಕರುಳಿನ ಕ್ಯಾನ್ಸರಿಗೂ ಅದೇ ಲಕ್ಷಣವಿರಬಲ್ಲುದು. ಈ ರೋಗವು ಬಹುಮಟ್ಟಿಗೆ ಕರುಳಿನ ಒಳಪದರದಲ್ಲಿ ಮೂಡುವ ‘ಪಾಲಿಪ್’ ಎಂಬ ಸಣ್ಣ ಗಂಟಿನಿಂದ, ಹಲವು ವರ್ಷಗಳಲ್ಲಿ ಬೆಳೆಯುತ್ತದೆ. ಗಂಟಿನ ಹಂತದಲ್ಲಿಯೇ ಅದನ್ನು ತೆಗೆದರೆ ಕ್ಯಾನ್ಸರನ್ನೇ ತಡೆಯಬಹುದು.

ಗಂಟಿನಿಂದ ರಕ್ತ ಒಸರುವುದು ಆಗೊಮ್ಮೆ ಈಗೊಮ್ಮೆ; ಅದರ ಜೀವಕೋಶಗಳು ಮಾತ್ರ ಸತತವಾಗಿ ಉದುರಿ ಮಲದೊಡನೆ ಹೊರಬೀಳುತ್ತವೆ. ಆ ಕೋಶಗಳ ಡಿಎನ್‌ಎಯಲ್ಲಿ ಕೆಆರ್‌ಎಎಸ್ ಎಂಬ ವಂಶವಾಹಿಯ ಬದಲಾವಣೆಯನ್ನೂ, ಎನ್‌ಡಿಆರ್‌ಜಿ4 ಮತ್ತು ಬಿಎಂಪಿ3 ವಂಶವಾಹಿಗಳಿಗೆ ಅಸಹಜವಾಗಿ ಅಂಟಿದ ಮೀಥೈಲ್ ಗುರುತುಗಳನ್ನೂ ಹುಡುಕಿ, ಜೊತೆಗೆ ಕಣ್ಣಿಗೆ ಕಾಣದ ರಕ್ತವನ್ನೂ ಅಳೆಯುವ ‘ಕೊಲೊಗಾರ್ಡ್’ ಪರೀಕ್ಷೆಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಮನೆಯಲ್ಲಿಯೇ ಮಾದರಿ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳುಹಿಸಿದರಾಯಿತು, ಉಪವಾಸವಿಲ್ಲ, ಅರಿವಳಿಕೆಯಿಲ್ಲ.

ಸುಮಾರು 10,000 ಜನರ ಅಧ್ಯಯನದಲ್ಲಿ 65 ಮಂದಿಗೆ ಕ್ಯಾನ್ಸರ್ ಇದ್ದಿತು. ಅವರಲ್ಲಿ 60 ಮಂದಿಯನ್ನು ಈ ಪರೀಕ್ಷೆ ಗುರುತಿಸಿತು. ರಕ್ತವನ್ನಷ್ಟೇ ಹುಡುಕುವ ಪರೀಕ್ಷೆ ಗುರುತಿಸಿದ್ದು 48 ಮಂದಿಯನ್ನು. ಆದರೆ ಕ್ಯಾನ್ಸರಾಗಲಿ ಅಪಾಯಕಾರಿ ಗಂಟಾಗಲಿ ಇಲ್ಲದ ಪ್ರತಿ 100 ಜನರಲ್ಲಿ ಸುಮಾರು 13 ಮಂದಿಗೆ ಇದು ತಪ್ಪು ಎಚ್ಚರಿಕೆ ನೀಡಿತು. ಅಪಾಯಕಾರಿ ಗಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪತ್ತೆಮಾಡಲಿಲ್ಲ. ಆದುದರಿಂದ ಇದು ಸುಳಿವೇ ಹೊರತು ತೀರ್ಪಲ್ಲ. ಸುಳಿವು ಸಿಕ್ಕವರು ಕೊಲೊನೊಸ್ಕೋಪಿ ಮಾಡಿಸಿಕೊಳ್ಳಲೇಬೇಕು; ಸಿಗದವರು ಮುಂದೆಂದೂ ಭಯವಿಲ್ಲವೆಂದು ಭಾವಿಸಬಾರದು.

ನಮ್ಮ ದೇಶದಲ್ಲಿ 30 ವರ್ಷ ಮೀರಿದವರಿಗೆ ನಡೆಯುವ ಸರ್ಕಾರಿ ಕ್ಯಾನ್ಸರ್ ತಪಾಸಣೆಯು ಬಾಯಿ, ಸ್ತನ ಮತ್ತು ಗರ್ಭಕಂಠಕ್ಕೆ ಸಂಬಂಧಿಸಿದುದು. ಕರುಳು ಅದರಲ್ಲಿ ಸೇರಿಲ್ಲ. ಮೇಲಾಗಿ, ಡಿಎನ್‌ಎ ಪರೀಕ್ಷೆಯು ಯಾವ ಲಕ್ಷಣವೂ ಇಲ್ಲದವರಿಗಾಗಿ ರೂಪುಗೊಂಡುದು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ — ಇವುಗಳಲ್ಲಿ ಒಂದು ಕಂಡರೂ ಯಾವ ಹೊಸ ಪರೀಕ್ಷೆಗೂ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣತಕ್ಕದ್ದು.

ಶೌಚಾಲಯದ ವಿಷಯವನ್ನು ಗ್ರಾಮಸಭೆಯಲ್ಲಿ ನಿಸ್ಸಂಕೋಚವಾಗಿ ಚರ್ಚಿಸಿದ ಊರುಗಳಿಗೆ ಈ ಮಾತು ಕಷ್ಟವಾಗಲಾರದು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯ ವೇಳೆ ಹಿರಿಯರನ್ನು ಈ ಒಂದು ಪ್ರಶ್ನೆ ಕೇಳಲಿ. ಹಿರಿಯರು ಮುಚ್ಚುಮರೆಯಿಲ್ಲದೆ ಉತ್ತರಿಸಲಿ.