ಪಟ್ಟಣದಲ್ಲಿ ಮನೆ ಹುಡುಕುವ ಮುನ್ನ
(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ಬಂದಿರುವ ವಿದ್ಯಾರ್ಥಿ ಮಿತ್ರರೇ, ಸಹೋದರಿಯರೇ,

ಪ್ರತಿ ವರ್ಷ ಈ ವೇದಿಕೆಯ ಮೇಲೆ ನಿಂತವರು ಯಾವ ಕೋರ್ಸ್ ಓದಬೇಕು, ಯಾವ ಪರೀಕ್ಷೆ ಬರೆಯಬೇಕು ಎಂಬ ವಿಷಯವಾಗಿ ನಿಮಗೆ ತಿಳಿಹೇಳಿದ್ದಾರೆ. ನಾನು ಅದರ ಮುಂದಿನ ಮಾತನ್ನು ಹೇಳಲು ಬಂದಿದ್ದೇನೆ. ಕೆಲಸದ ಆದೇಶಪತ್ರ ಕೈಗೆ ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಮಾರನೆಯ ದಿನ ಬೆಳಿಗ್ಗೆ ತಾಯಿ ಕೇಳುವ ಮೊದಲ ಪ್ರಶ್ನೆ, "ಎಲ್ಲಿ ಇರ್ತೀಯಾ ಬೇಟಾ?" ಈ ಪ್ರಶ್ನೆಗೆ ಉತ್ತರ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ಮುಂದಿನ ಐದು ವರ್ಷ ನೀವು ಎಷ್ಟು ನಿದ್ರೆ ಮಾಡುತ್ತೀರಿ, ಎಷ್ಟು ಉಳಿಸುತ್ತೀರಿ, ಯಾರ ಜೊತೆ ಬೆರೆಯುತ್ತೀರಿ ಎಂಬುದೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ.

ನನ್ನ ವಿಷಯವನ್ನೇ ಮೊದಲು ಹೇಳುತ್ತೇನೆ. ನಾನು ಹುಣಸೂರಿನವನು. 2004ರಲ್ಲಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗಕ್ಕೆ ಸೇರಿದೆ. ಮನೆ ಮಾಡಿದ್ದು ಉದಯಗಿರಿಯಲ್ಲಿ. ಏಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅಲ್ಲಿ ನಮ್ಮ ಮಾವನ ಮನೆಯವರಿದ್ದರು, ಹತ್ತಿರ ಮಸೀದಿ ಇತ್ತು, ಮನೆ ಕೇಳಿದ ಕೂಡಲೇ ಸಿಕ್ಕಿತು. ಜ್ವರ ಬಂದಾಗ ಪಕ್ಕದ ಮನೆಯ ಖಾಲಾ ಗಂಜಿ ಮಾಡಿ ಕಳಿಸುತ್ತಿದ್ದರು. ಆ ಋಣವನ್ನು ನಾನು ಮರೆತಿಲ್ಲ.

ಆದರೆ ನೀವು ಮೈಸೂರಿನ ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹುಣಸೂರು ಮತ್ತು ಪಿರಿಯಾಪಟ್ಟಣದಿಂದ ಬರುವವರು ಬಿಳಿಕೆರೆ, ಇಲವಾಲ ದಾಟಿ ಹಿನಕಲ್ ಕಡೆಯಿಂದ ನಗರ ಸೇರುತ್ತಾರೆ. ಕೆ.ಆರ್. ನಗರದ ರಸ್ತೆಯೂ ಇಲವಾಲಕ್ಕೇ ಬಂದು ಕೂಡುತ್ತದೆ. ಅಂದರೆ ಮೂರು ತಾಲ್ಲೂಕಿನವರಿಗೆ ನಗರದ ಬಾಗಿಲು ಪಶ್ಚಿಮದಲ್ಲಿದೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳು, ಇನ್ಫೋಸಿಸ್, ಇವೂ ಅದೇ ದಿಕ್ಕಿನಲ್ಲಿವೆ. ನಮ್ಮವರು ಹೆಚ್ಚಾಗಿ ವಾಸಿಸುವ ಉದಯಗಿರಿ, ಶಾಂತಿನಗರ, ರಾಜೀವನಗರ, ಗೌಸಿಯಾನಗರ, ಕಲ್ಯಾಣಗಿರಿಗಳು ಇರುವುದು ಊರಿನ ಇನ್ನೊಂದು ಮಗ್ಗುಲಲ್ಲಿ, ಪೂರ್ವಕ್ಕೆ. ನಾನು ಪ್ರತಿದಿನ ಇಡೀ ಮೈಸೂರನ್ನು ಎರಡು ಸಲ ದಾಟುತ್ತಿದ್ದೆ. ಶನಿವಾರ ಊರಿಗೆ ಹೊರಟರೆ ಮತ್ತೆ ಅದೇ ಊರನ್ನು ದಾಟಿ ಹೋಗಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಹೋಗಿ ಬರಲು ದಿನಕ್ಕೆ ಇಪ್ಪತ್ನಾಲ್ಕು ಕಿಲೋಮೀಟರ್ ಎಂದುಕೊಳ್ಳಿ. ಇಪ್ಪತ್ತೈದು ದಿನಕ್ಕೆ ಆರುನೂರು ಕಿಲೋಮೀಟರ್. ಬೈಕು ಲೀಟರಿಗೆ ನಲವತ್ತೈದು ಕೊಟ್ಟರೂ ಹದಿಮೂರು ಲೀಟರ್ ಮೀರುತ್ತದೆ. ಇಂದಿನ ಬೆಲೆಯಲ್ಲಿ ಸಾವಿರದ ಮುನ್ನೂರು ರೂಪಾಯಿಗೂ ಹೆಚ್ಚು. ಹಣ ಹೋಗಲಿ. ದಿನಕ್ಕೆ ಒಂದೂವರೆ ಗಂಟೆಯಂತೆ ತಿಂಗಳಿಗೆ ಮೂವತ್ತೇಳೂವರೆ ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ನಾನು ಸಂಜೆ ಒಂದು ವೃತ್ತಿ ಪರೀಕ್ಷೆಗೆ ಓದಬೇಕೆಂದಿದ್ದೆ. ಎರಡು ವರ್ಷ ಆ ಪುಸ್ತಕ ತೆರೆಯಲಿಲ್ಲ. ನನ್ನ ಸೋಮಾರಿತನವೂ ಅದರಲ್ಲಿತ್ತು, ಸುಳ್ಳೇಕೆ ಹೇಳಲಿ. ಆದರೆ ದಣಿದ ಮೈಗೆ ಪುಸ್ತಕ ಹಿಡಿಸುವುದಿಲ್ಲ.

ಹಾಗಾದರೆ ಕೆಲಸದ ಹತ್ತಿರವೇ ಮನೆ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಲು ಹೊರಟೆ. ವಿಜಯನಗರದ ಸುತ್ತಮುತ್ತ ಮೂರು ಮನೆಗಳಲ್ಲಿ ನನಗೆ ಇಲ್ಲವೆಂದರು. ಮೊದಲನೆಯವರು ಹೆಸರು ಕೇಳಿದ ಮೇಲೆ "ಈಗಷ್ಟೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು" ಎಂದರು. ಎರಡು ವಾರದ ನಂತರವೂ ಗೇಟಿನಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ತೂಗುತ್ತಿತ್ತು. ಎರಡನೆಯವರು ಸಸ್ಯಾಹಾರಿಗಳಿಗೆ ಮಾತ್ರ ಎಂದರು. ಮೂರನೆಯವರು ನೇರವಾಗಿ ಹೇಳಿದರು. ಆ ಮೂರನೆಯವರ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ, ನನ್ನ ಸಮಯವನ್ನಾದರೂ ಉಳಿಸಿದರು.

ಇದು ನನ್ನೊಬ್ಬನ ಅನುಭವವಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ, ಮುಸ್ಲಿಮರಿಗೆ ತಾವು ಬಯಸಿದ ಕಡೆ ಮನೆ ಬಾಡಿಗೆಗಾಗಲಿ ಕ್ರಯಕ್ಕಾಗಲಿ ಸಿಗುವುದು ಕಷ್ಟ, ಭಯದಿಂದ ಒಂದೇ ಕಡೆ ಗುಂಪಾಗಿ ವಾಸಿಸುವ ಪ್ರವೃತ್ತಿ ಬೆಳೆಯುತ್ತಿದೆ ಎಂದು ದಾಖಲಾಗಿದೆ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು ಸಾಲ ಕೊಡಲು ತಕ್ಕುದಲ್ಲವೆಂದು ಗುರುತು ಮಾಡಿಟ್ಟುಕೊಳ್ಳುತ್ತವೆ ಎಂಬುದು. ಅಂದರೆ ವಿಳಾಸವೂ ಒಂದು ಅರ್ಹತೆಯೋ ಅನರ್ಹತೆಯೋ ಆಗಿಬಿಡುತ್ತದೆ. ಕಾನೂನು ಏನು ಹೇಳುತ್ತದೆ ಎಂದು ನಮ್ಮ ಕಾನೂನು ವಿದ್ಯಾರ್ಥಿಗಳು ಕೇಳಬಹುದು. ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಬಗ್ಗೆ ಹೇಳುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸದಸ್ಯತ್ವವನ್ನು ತಮ್ಮವರಿಗೇ ಸೀಮಿತಗೊಳಿಸುವ ಸಂಘದ ನಿಯಮವನ್ನು ಎತ್ತಿಹಿಡಿಯಿತು. ಆದ್ದರಿಂದ ಗೇಟಿನ ಮುಂದೆ ನಿಂತು ಕಾನೂನು ಮಾತಾಡಿ ಮನೆ ಪಡೆಯಲಾಗದು.

ನನಗೆ ನಾಲ್ಕನೆಯ ಮನೆ ಸಿಕ್ಕಿತು. ಹೇಗೆಂದರೆ, ಸಹೋದ್ಯೋಗಿ ಗೆಳೆಯನೊಬ್ಬ ತನ್ನ ಬೀದಿಯ ವೃದ್ಧೆಯೊಬ್ಬರ ಬಳಿ ಕರೆದೊಯ್ದ. ಆಕೆ ಹೆಸರು ಕೇಳುವ ಮೊದಲು "ಯಾವೂರಪ್ಪಾ ನಿಂದು?" ಎಂದರು. "ಹುಣಸೂರು ಅಮ್ಮಾ" ಎಂದೆ. "ಹುಣಸೂರಾ! ನಮ್ಮಣ್ಣ ಕಟ್ಟೆಮಳಲವಾಡಿಗೆ ಹೊಗೆಸೊಪ್ಪು ಮಾರೋಕೆ ಬರ್ತಿದ್ದ" ಎಂದು ಅರ್ಧ ಗಂಟೆ ಮಾತಾಡಿದರು. ಆಮೇಲೆ ಹೆಸರು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಕ್ರೀದಿಗೆ ಇಲ್ಲೇ ಮಾಡ್ತೀಯಾ?" ಎಂದು ಕೇಳಿದರು. "ಇಲ್ಲಮ್ಮ, ಹಬ್ಬಕ್ಕೆ ಊರಿಗೇ ಹೋಗ್ತೀನಿ, ಇಲ್ಲಾಂದ್ರೆ ನಮ್ಮಮ್ಮ ಬಿಡ್ತಾಳಾ?" ಎಂದೆ. ನಕ್ಕುಬಿಟ್ಟರು. ಆ ಮನೆಯಲ್ಲಿ ನಾಲ್ಕು ವರ್ಷ ಇದ್ದೆ. ಅರ್ಧಕ್ಕೆ ನಿಂತಿದ್ದ ಪರೀಕ್ಷೆಯನ್ನು ಪಾಸು ಮಾಡಿದ್ದು ಅಲ್ಲೇ.

ಇದರಿಂದ ಎಲ್ಲರೂ ಒಳ್ಳೆಯವರೇ ಎಂದು ನಾನು ಹೇಳುವುದಿಲ್ಲ. ಆ ಮೂರು ಗೇಟುಗಳೂ ನಿಜ, ಈ ಗೇಟೂ ನಿಜ. ನಿಮಗೆ ನನ್ನ ಸಲಹೆ ಇಷ್ಟೆ: ಮೊದಲ ಫೋನಿನಲ್ಲೇ ನಿಮ್ಮ ಪೂರ್ತಿ ಹೆಸರು ಹೇಳಿ. ಬೇಡವೆನ್ನುವವರು ಅಲ್ಲೇ ಬೇಡವೆನ್ನಲಿ. ಬ್ರೋಕರಿಗಿಂತ ಸಹೋದ್ಯೋಗಿಯ ಪರಿಚಯ ಹೆಚ್ಚು ಕೆಲಸ ಮಾಡುತ್ತದೆ. ಮನೆಮಾತು ಉರ್ದು ಇರಲಿ, ಬ್ಯಾರಿ ಇರಲಿ, ಮಲಯಾಳಂ ಇರಲಿ, ಒಳ್ಳೆಯ ಕನ್ನಡದಲ್ಲಿ ಊರಿನ ಹೆಸರು ಹೇಳಿ. ನಮ್ಮ ತಾಲ್ಲೂಕುಗಳಿಗೆ ಮೈಸೂರಿನಲ್ಲಿ ನೆಂಟರಿಲ್ಲದ ಬೀದಿ ಇಲ್ಲ.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಬೇರೆ ಊರುಗಳಲ್ಲಿ 'ಮೊಹಲ್ಲಾ' ಎಂದರೆ ಮುಸ್ಲಿಮರ ಕೇರಿ ಎಂದು ತಿಳಿಯುತ್ತಾರೆ. ಮೈಸೂರಿನಲ್ಲಿ ಹಾಗಲ್ಲ. ದೇವರಾಜ ಮೊಹಲ್ಲಾ, ಕೃಷ್ಣರಾಜ ಮೊಹಲ್ಲಾ, ಚಾಮರಾಜ ಮೊಹಲ್ಲಾ, ನಜರ್‌ಬಾದ್ ಮೊಹಲ್ಲಾ, ಎಲ್ಲರ ಅಂಚೆ ವಿಳಾಸವೂ ಮೊಹಲ್ಲಾವೇ. ಮಹಾರಾಜರ ಹೆಸರಿನ ಪಕ್ಕದಲ್ಲಿ ಅರಬ್ಬೀ ಮೂಲದ ಪದ ಇಷ್ಟು ಸಲೀಸಾಗಿ ಕೂತಿರುವ ಊರು ಇದು.

ಈಗ ವಿಷಯಕ್ಕೆ ಬರೋಣ. ನಮ್ಮ ಹುಡುಗರು ಮಸೀದಿ ಹತ್ತಿರವಿರಬೇಕೆಂದು ಮನೆ ಆರಿಸುತ್ತಾರೆ. ಸರಿಯೇ. ಆದರೆ ಜುಮಾ ನಮಾಜಿನ ಹೊತ್ತು ನೀವಿರುವುದು ಕಚೇರಿಯಲ್ಲಿ, ಮನೆಯಲ್ಲಲ್ಲ. ಆದ್ದರಿಂದ ಕೆಲಸದ ಸ್ಥಳದಿಂದ ಊಟದ ಬಿಡುವಿನಲ್ಲಿ ಹೋಗಿಬರಬಹುದಾದ ಮಸೀದಿ ಯಾವುದು ಎಂದು ಮೊದಲು ತಿಳಿಯಿರಿ. ಅದಾದ ಮೇಲೆ ಫಜರ್ ಮತ್ತು ಇಶಾಗೆ ಮನೆಯ ಹತ್ತಿರದ್ದನ್ನು ನೋಡಿ. ಎಚ್.ಡಿ. ಕೋಟೆಯವರಿಗೆ ಲೆಕ್ಕ ಬೇರೆ. ನೀವು ಮಾನಂದವಾಡಿ ರಸ್ತೆಯಿಂದ ನಗರದ ದಕ್ಷಿಣಕ್ಕೆ ಬರುತ್ತೀರಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕರೆ ಶ್ರೀರಾಂಪುರ, ಜೆ.ಪಿ. ನಗರದ ಕಡೆ ನೋಡುವುದು ಸೂಕ್ತ.

ಕಡಿಮೆ ಬಾಡಿಗೆಗೆ ರಿಂಗ್ ರಸ್ತೆಯಾಚೆಯ ಹೊಸ ಖಾಸಗಿ ಬಡಾವಣೆಗಳಿಗೆ ಹೋಗುವವರು ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ? ನಲ್ಲಿಯಲ್ಲಿ ಬರುವುದು ನದಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ? ಮಾಲೀಕರನ್ನಲ್ಲ, ಎದುರು ಮನೆಯ ಹೆಂಗಸರನ್ನು ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್ಲುಗಳು ಬತ್ತಿ ಜನ ಪಟ್ಟ ಪಾಡು ನಿಮಗೆ ನೆನಪಿರಬಹುದು.

ಬೆಂಗಳೂರಿಗೆ ಹೋಗುವವರಿಗೂ ಇದೇ ಸೂತ್ರ. ನಾನು ಅಲ್ಲಿ ಕೆಲವು ವರ್ಷ ಇದ್ದೆ. ಆಗ ಮೆಟ್ರೋ ಇಷ್ಟು ದೂರ ಬಂದಿರಲಿಲ್ಲ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ಮುಟ್ಟಿಸುತ್ತದೆ. ಆದ್ದರಿಂದ ಕೆಂಗೇರಿ, ನಾಯಂಡಹಳ್ಳಿ, ಮೈಸೂರು ರಸ್ತೆಯ ಆಸುಪಾಸಿನಲ್ಲಿ ಮನೆ ಮಾಡಿದರೆ ಶುಕ್ರವಾರ ರಾತ್ರಿ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ, ಗೋರಿಪಾಳ್ಯ, ಪಾದರಾಯನಪುರದ ನಮ್ಮವರೂ ಹತ್ತಿರ. ಟಿಕೆಟು ಅಗ್ಗವಲ್ಲ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿ ಆಯಿತು. ಬಾಡಿಗೆಯ ಜೊತೆ ಅದನ್ನೂ ಕೂಡಿಸಿ ನೋಡಿ. ಇನ್ನೊಂದು, 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕುಗಳಿಗೆ ನಿಷೇಧವಿದೆ. ಬೈಕಿನಲ್ಲಿ ಊರಿಗೆ ಬರುವ ಹುಚ್ಚು ಬಿಡಿ.

ಸಹೋದರಿಯರೇ, ನಿಮ್ಮಲ್ಲಿ ಅನೇಕರಿಗೆ ಪಟ್ಟಣದಲ್ಲಿ ಮನೆ ಮಾಡುವ ಮಾತೇ ಮನೆಯಲ್ಲಿ ಏಳುವುದಿಲ್ಲವೆಂದು ಬಲ್ಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಣಸೂರು, ಕೆ.ಆರ್. ನಗರದಿಂದ ಮೈಸೂರಿಗೆ ದಿನವೂ ಹೋಗಿಬರುವುದು ಸುಲಭವಾಗಿದೆ. ಕೆ.ಆರ್. ನಗರಕ್ಕೆ ರೈಲೂ ಇದೆ. ಆದರೆ ಪಿರಿಯಾಪಟ್ಟಣದಿಂದ, ಕೋಟೆಯಿಂದ ದಿನವೂ ಓಡಾಡುವುದು ದೇಹಕ್ಕೆ ಶಿಕ್ಷೆ. ಉದ್ಯೋಗಸ್ಥ ಮಹಿಳೆಯರ ವಸತಿಗೃಹಗಳಿವೆ. ತಂದೆ ತಾಯಿ ಸ್ವತಃ ಬಂದು ವಾರ್ಡನ್‌ರನ್ನು ಕಂಡು, ಸಂಜೆ ಏಳರ ಮೇಲೆ ಬಸ್ ನಿಲ್ದಾಣದಿಂದ ಅಲ್ಲಿಯವರೆಗೆ ನಡೆದು ನೋಡಲಿ. ದೀಪವಿದೆಯೇ, ಅಂಗಡಿ ತೆರೆದಿದೆಯೇ ಎಂಬುದು ಹಗಲಲ್ಲಿ ತಿಳಿಯುವುದಿಲ್ಲ. ನೋಡಿ ಬಂದ ಮೇಲೂ ಬೇಡವೆಂದರೆ ಅದು ಬೇರೆ ಮಾತು. ನೋಡದೆಯೇ ಬೇಡವೆನ್ನುವುದು ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ. ಹಿರಿಯರು ಬೇಸರಿಸಬಾರದು.

ಹಣದ ವಿಷಯ ಎರಡು ಮಾತು. ಹನ್ನೊಂದು ತಿಂಗಳ ಕರಾರು ಏಕೆಂದರೆ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ. ಕರಾರನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಭೋಗ್ಯದ ಬಗ್ಗೆ ಹೆಚ್ಚು ಎಚ್ಚರ ಬೇಕು. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವ ಈ ಪದ್ಧತಿ ನಮ್ಮ ಜನಕ್ಕೆ ಪ್ರಿಯ. ಅದು ಧರ್ಮಸಮ್ಮತವೇ ಎಂಬುದನ್ನು ಉಲಮಾಗಳಲ್ಲಿ ಕೇಳಿಕೊಳ್ಳಿ, ನಾನು ಲೆಕ್ಕಿಗ ಮಾತ್ರ. ಲೆಕ್ಕಿಗನಾಗಿ ಹೇಳುವುದಾದರೆ, ಮಾಲೀಕರು ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿ ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು. ನಿಮ್ಮ ಹಣ ಮಾಲೀಕರ ಬೆನ್ನು ಹತ್ತಿ ಅಲೆಯಬೇಕಾಗುತ್ತದೆ. ಋಣಭಾರ ಪತ್ರ ತೆಗೆಸಿ, ಮೂಲ ಕ್ರಯಪತ್ರ ಕಣ್ಣಾರೆ ನೋಡಿ.

ಇನ್ನು ನನ್ನ ಮನಸ್ಸನ್ನು ಕೊರೆಯುವ ಒಂದು ವಿಷಯವಿದೆ. ನಾನು ಉದಯಗಿರಿ ಬಿಟ್ಟಾಗ ಪಕ್ಕದ ಮನೆಯ ಖಾಲಾ, "ಓದಿದವರೆಲ್ಲ ಹೀಗೇ ಹೋಗ್ತೀರಿ, ಇಲ್ಲಿ ಅರ್ಜಿ ಬರೆಯೋರು ಯಾರು?" ಎಂದಿದ್ದರು. ಮುಸ್ಲಿಮರು ಹೆಚ್ಚಿರುವ ಬಡಾವಣೆಗಳಲ್ಲಿ ಸರ್ಕಾರಿ ಪ್ರೌಢಶಾಲೆ, ಆಸ್ಪತ್ರೆಗಳು ಕಡಿಮೆ ಎಂಬುದನ್ನು ಇತ್ತೀಚಿನ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರು ದೇಶಾದ್ಯಂತದ ಲಕ್ಷಾಂತರ ಬಡಾವಣೆಗಳ ಅಂಕಿಅಂಶದಿಂದ ತೋರಿಸಿದ್ದಾರೆ. ಆ ಮಾತನ್ನು ಖಾಲಾ ನನಗೆ ಅಂಕಿಅಂಶವಿಲ್ಲದೆಯೇ ಹೇಳಿದ್ದರು. ಹೋದದ್ದು ತಪ್ಪೆಂದು ನಾನು ಈಗಲೂ ಭಾವಿಸುವುದಿಲ್ಲ. ಆದರೆ ಅವರ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ತಿಂಗಳಿಗೆ ಎರಡು ಭಾನುವಾರ ಅಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಅಷ್ಟೇ. ಅಲ್ಲೇ ಉಳಿಯಲು ತೀರ್ಮಾನಿಸುವವರನ್ನು ಹಿಂದುಳಿದವರೆಂದು ಯಾರೂ ಹೀಗಳೆಯಬಾರದು. ಕೆಲಸ ಹತ್ತಿರವಿದ್ದರೆ ನಾನೂ ಉಳಿಯುತ್ತಿದ್ದೆನೇನೋ. ಎಲ್ಲಿಯೇ ಇರಿ, ಫಾರಂ 8 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರನ್ನು ಅಲ್ಲಿಗೆ ಬದಲಿಸಿಕೊಳ್ಳಿ. ಓಟು ಊರಿನಲ್ಲಿ, ಚರಂಡಿ ದೂರು ಮೈಸೂರಿನಲ್ಲಿ ಎಂದರೆ ಯಾರೂ ಕೇಳುವುದಿಲ್ಲ.

ಕೊನೆಯದಾಗಿ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮೈಸೂರು, ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ನಾಲ್ಕು ತಾಲ್ಲೂಕಿನ ಸದಸ್ಯರ ಒಂದು ಪಟ್ಟಿಯನ್ನು ಬಡಾವಣೆವಾರು ಬರೆದು ಸಂಘದ ಕಚೇರಿಯಲ್ಲಿಡಿ. ಹೊಸಬನೊಬ್ಬ ಬಂದಾಗ ಒಂದು ವಾರ ತಂಗಲು ಜಾಗ, ಮನೆ ನೋಡಲು ಜೊತೆಗೊಬ್ಬರು ಸಿಕ್ಕರೆ ಸಾಕು. ಹಿನಕಲ್ ಕಡೆಯ ಹಾಳೆಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಭಾನುವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ, ಗಣಿತದ ಭಾನುವಾರಗಳನ್ನು ಬಿಟ್ಟು.