ಮನೆಯಂಗಳದಲ್ಲಿ ಗಾಡಿಯ ಡೀಸೆಲ್ ಫಿಲ್ಟರ್ ಬದಲಿಸುವುದು

(ಬಿ.ಜಿ. ಕೆರೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಬಾಡಿಗೆ ಗಾಡಿ ಓಡಿಸುವವರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಸಾಲ, ಬಡ್ಡಿ ಇವುಗಳ ಬಗ್ಗೆ ನಾವು ಇದೇ ಜಾಗದಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತು ಆ ಸಾಲದಿಂದ ಕೊಂಡ ಗಾಡಿಯ ಬಗ್ಗೆ ಮಾತಾಡೋಣ. ಇಡೀ ಗಾಡಿಯ ಬಗ್ಗೆಯೂ ಅಲ್ಲ, ಅದರೊಳಗಿನ ಒಂದೇ ಒಂದು ಸಣ್ಣ ಸಾಮಾನಿನ ಬಗ್ಗೆ. ಅದೇ ಡೀಸೆಲ್ ಫಿಲ್ಟರ್. ಪೆಟ್ರೋಲ್ ಗಾಡಿ ಇಟ್ಟುಕೊಂಡವರಿಗೂ ಕಡೆಯಲ್ಲಿ ಎರಡು ಮಾತಿದೆ, ಎದ್ದು ಹೋಗಬೇಡಿ.

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ನಮ್ಮ ಊರಿದೆ. ತಳಕು, ಹಾನಗಲ್, ರಾಂಪುರ ಅಂತ ದಿನಾ ಬಾಡಿಗೆ ಓಡುವ ಗಾಡಿಗಳು ಇಲ್ಲಿವೆ. ಶೇಂಗಾ ಸುಗ್ಗಿಯಲ್ಲಿ ಚಳ್ಳಕೆರೆ ಮಾರುಕಟ್ಟೆಗೆ, ಜಾತ್ರೆ ಬಂದರೆ ನಾಯಕನಹಟ್ಟಿಗೆ, ಮದುವೆ ಜವಳಿಗೆ ಮೊಳಕಾಲ್ಮೂರಿಗೆ. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡು ಆಂಬುಲೆನ್ಸ್ ತಡವಾದರೆ ಬಳ್ಳಾರಿಯ ಆಸ್ಪತ್ರೆಗೂ ಇದೇ ಗಾಡಿಗಳೇ. ಅಂಥ ಹೊತ್ತಿನಲ್ಲಿ ಗಾಡಿ ನಡುದಾರಿಯಲ್ಲಿ ನಿಂತರೆ ನಷ್ಟವಾಗುವುದು ಬಾಡಿಗೆ ಮಾತ್ರ ಅಲ್ಲ. ಹಾಗೆ ನಿಲ್ಲಲು ಕಾರಣಗಳು ಹಲವು ಇರುತ್ತವೆ. ಮುಂಚೆಯೇ ತಡೆಯಬಹುದಾದವುಗಳಲ್ಲಿ ಈ ಫಿಲ್ಟರ್ ಮುಖ್ಯವಾದದ್ದು.

ಗಾಣದ ಎಣ್ಣೆಯನ್ನು ನಾಲ್ಕು ದಿನ ಇಟ್ಟರೆ ತಳದಲ್ಲಿ ಮಡ್ಡಿ ಕೂರುತ್ತೆ, ಅದು ನಿಮಗೆಲ್ಲ ಗೊತ್ತು. ಡೀಸೆಲ್‌ಗೂ ಮಡ್ಡಿ ಇದೆ. ಟ್ಯಾಂಕಿನ ತುಕ್ಕು, ಧೂಳು, ಎಲ್ಲಕ್ಕಿಂತ ಕೆಟ್ಟದ್ದಾಗಿ ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಗಟ್ಟುತ್ತೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ಕೆಳಗೆ ಹೋಗಿ ಕೂರುತ್ತೆ. ಇಂಜಿನ್ನಿನ ಪಂಪಿನೊಳಗೆ ಓಡಾಡುವ ಕಡ್ಡಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಎಷ್ಟು ಗೊತ್ತೇ? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು. ನಮ್ಮ ತಲೆಕೂದಲು ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ಅಂಥ ಸಂದಿಗೆ ಬೇರೆ ಆಯಿಲ್ ಹಾಕೋದಕ್ಕೆ ಆಗಲ್ಲ, ಹೆಚ್ಚಿನ ಪಂಪುಗಳಲ್ಲಿ ಡೀಸೆಲ್ಲೇ ಅದಕ್ಕೆ ಎಣ್ಣೆ. ಆ ಡೀಸೆಲ್ ಜೊತೆ ಮಣ್ಣು ಹೋದರೆ ಸವೆತ, ನೀರು ಹೋದರೆ ತುಕ್ಕು. ಫಿಲ್ಟರ್‌ಗೆ ನೂರರ ಲೆಕ್ಕದಲ್ಲಿ ಖರ್ಚಾದರೆ ಪಂಪು ಮತ್ತು ನಾಝಲ್ ಕೆಲಸಕ್ಕೆ ಸಾವಿರಗಳ ಲೆಕ್ಕ. ಸಂಘದ ಕಂತು ಕಟ್ಟುವ ಅಕ್ಕಂದಿರು ಈ ವ್ಯತ್ಯಾಸವನ್ನು ಗಂಡಸರಿಗಿಂತ ಬೇಗ ಹಿಡಿಯುತ್ತಾರೆ ಅನ್ನೋದು ನಮ್ಮ ಅನುಭವ.

ನಮ್ಮ ಸೀಮೆ ಧೂಳಿನದು, ಅದಕ್ಕೇ ಫಿಲ್ಟರ್ ಕಟ್ಟುತ್ತೆ ಅಂತ ಹೇಳುವವರಿದ್ದಾರೆ. ಅದು ಅರ್ಧ ನಿಜ. ರಸ್ತೆಯ ಧೂಳು ಹೋಗಿ ಕೂರುವುದು ಏರ್ ಫಿಲ್ಟರ್‌ನಲ್ಲಿ. ಡೀಸೆಲ್ ಫಿಲ್ಟರ್‌ಗೆ ಧೂಳು ಹೆಚ್ಚಾಗಿ ಬರೋದು ನಮ್ಮ ಕೈಯಿಂದಲೇ, ಕ್ಯಾನಿನ ಮೂಲಕ. ಟ್ರ್ಯಾಕ್ಟರ್‌ಗೆ ಅಂತ ಕ್ಯಾನಿನಲ್ಲಿ ತಂದ ಡೀಸೆಲ್ ಹಿತ್ತಲಲ್ಲಿ ಮುಚ್ಚಳ ಸಡಿಲವಾಗಿ ನಿಂತಿರುತ್ತೆ. ಮಿಕ್ಕಿದ್ದನ್ನು ಗಾಡಿಗೆ ಸುರಿಯುತ್ತೇವೆ, ಕಡೆಯ ಹನಿವರೆಗೂ ಬಗ್ಗಿಸಿ ಸುರಿಯುತ್ತೇವೆ. ಆ ಕಡೆಯ ಹನಿಯಲ್ಲೇ ಮಡ್ಡಿಯೂ ನೀರೂ ಇರೋದು. ಕ್ಯಾನನ್ನು ಅಲುಗಿಸದೆ ಒಂದು ರಾತ್ರಿ ಬಿಡಿ. ಸಣ್ಣ ಜಾಲರಿಯ ಆಲಿಕೆಯಲ್ಲಿ ಸುರಿಯಿರಿ. ತಳದ ನಾಲ್ಕು ಬೆರಳಷ್ಟನ್ನು ಬಿಟ್ಟುಬಿಡಿ. ಹಳೆ ಪಂಚೆಯಲ್ಲಿ ಸೋಸುವ ರೂಢಿ ಇದೆ, ಅದರ ನೂಲೇ ಒಳಗೆ ಹೋಗುತ್ತೆ, ಅದು ಬೇಡ.

ಇನ್ನೊಂದು ರೂಢಿಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಲ್ಲಿ ಎಳೆಯೋದು. ದಯವಿಟ್ಟು ಇದನ್ನು ನಿಲ್ಲಿಸಿ. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಹೊಟ್ಟೆಗೆ ಹೋಗೋದಕ್ಕಿಂತ ಶ್ವಾಸಕೋಶಕ್ಕೆ ಇಳಿಯೋದು ಹೆಚ್ಚು ಅಪಾಯ. ಒಂದು ಗುಟುಕಿನಷ್ಟು ಇಳಿದರೂ ನ್ಯುಮೋನಿಯಾ ಆಗಬಹುದು. ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗಲೇ ಅದು ಮತ್ತೆ ಶ್ವಾಸಕೋಶದ ಕಡೆ ಹೋಗುತ್ತೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೈಯಲ್ಲಿ ಒತ್ತುವ ಪ್ಲಾಸ್ಟಿಕ್ ಪಂಪು ಅಂಗಡಿಯಲ್ಲಿ ಸಿಗುತ್ತೆ, ಊರಿಗೆ ಎರಡಿದ್ದರೂ ಸಾಕು.

ಈಗ ಫಿಲ್ಟರ್ ಕಟ್ಟಿದೆ ಅಂತ ಗೊತ್ತಾಗೋದು ಹೇಗೆ? ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತೆ, ಜನ ತುಂಬಿಸಿ ಏರು ಹತ್ತಿಸಿದರೆ ಪಿಕಪ್ ಇರಲ್ಲ. ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತೆ. ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕಾಗುತ್ತೆ. ದಾರಿಯಲ್ಲಿ ನಿಂತು, ಹತ್ತು ನಿಮಿಷ ಬಿಟ್ಟರೆ ತಾನಾಗಿ ಶುರುವಾಗುತ್ತೆ, ಒಂದೆರಡು ಮೈಲಿ ಹೋಗಿ ಮತ್ತೆ ನಿಲ್ಲುತ್ತೆ. ಆದರೆ ಇದನ್ನು ಕಂಡ ಕೂಡಲೇ ಫಿಲ್ಟರ್ ತರಲು ಓಡಬೇಡಿ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ತೊಂದರೆ ಇರೋದು ಮುಚ್ಚಳದ ಗಾಳಿ ತೂತಿನಲ್ಲಿ. ಏರ್ ಫಿಲ್ಟರನ್ನೂ ತೆಗೆದು ನೋಡಿ. ಎರಡೂ ಸರಿ ಇದ್ದರೆ ಆಮೇಲೆ ಡೀಸೆಲ್ ಫಿಲ್ಟರ್‌ನ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ಇಡಿ. ಅರ್ಧ ಗಂಟೆಯಲ್ಲಿ ನೀರಿದ್ದರೆ ತಳದಲ್ಲಿ ಬೇರೆಯಾಗಿ ಗೆರೆ ಹಾಕಿದ ಹಾಗೆ ಕಾಣುತ್ತೆ.

ಮನೆಯಲ್ಲೇ ಬದಲಿಸಬಹುದಾದ ಗಾಡಿ ಯಾವುದು, ಬಾರದು ಯಾವುದು ಅನ್ನೋದು ಎಲ್ಲಕ್ಕಿಂತ ಮುಖ್ಯ. ಹಳೆಯ ಜೀಪು, ಸುಮೋ, ಟ್ರ್ಯಾಕ್ಸ್ ಮಾದರಿಯಲ್ಲಿ, ಕೈಪಂಪು ಇರುವ ಗಾಡಿಗಳಲ್ಲಿ, ಗಮನವಿಟ್ಟು ಮಾಡಿದರೆ ಯಾರು ಬೇಕಾದರೂ ಮಾಡಬಹುದು. ಈಚಿನ ಕಾಮನ್ ರೈಲ್ ಇಂಜಿನ್ನುಗಳ ಮಾತೇ ಬೇರೆ. ಟ್ಯೂಬಿಗೆ ಹಾಕುವ ಗಾಳಿಯ ಒತ್ತಡ ಎರಡು ಬಾರ್ ಆದರೆ, ಆ ಇಂಜಿನ್ನಿನ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತೆ. ಓಡುತ್ತಿರುವ ಇಂಜಿನ್ನಿನಲ್ಲಿ ನಾಝಲ್ ಪೈಪಿನ ನಟ್ಟು ಸಡಿಲಿಸಿದರೆ ಡೀಸೆಲ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತೆ ಅಷ್ಟೇ, ಒಳಗೆ ಕೈಯೇ ಕೊಳೆಯಬಹುದು. ಹಳೆ ಮೇಸ್ತ್ರಿಗಳು ಏರ್ ತೆಗೆಯೋಕೆ ನಾಝಲ್ ನಟ್ಟು ಸಡಿಲಿಸುವುದನ್ನು ನೋಡಿ ಕಲಿತವರು ಹೊಸ ಗಾಡಿಯಲ್ಲಿ ಅದನ್ನು ಮಾಡಲೇಬಾರದು. ಅಂಥ ಗಾಡಿಯಲ್ಲಿ ಮೀಟರ್ ಮುಂದೆ ನೀರಿನ ದೀಪ ಹೊತ್ತಿಕೊಂಡರೆ ಪುಸ್ತಕ ನೋಡಿ ಫಿಲ್ಟರ್‌ನ ನೀರು ಇಳಿಸಿ. ಬದಲಿಸುವ ಕೆಲಸ ಬಲ್ಲವರಿಗೆ ಬಿಡಿ.

ಹಳೆಯ ಗಾಡಿಯ ಕೆಲಸ ಹೀಗೆ. ಗಾಡಿ ಸಮತಟ್ಟಾದ ಜಾಗದಲ್ಲಿ, ಬಯಲಲ್ಲಿ ನಿಲ್ಲಲಿ. ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಪೂರ್ತಿ ತಣ್ಣಗಾಗಲಿ. ಡೀಸೆಲ್‌ಗೆ ಬೆಂಕಿ ಹತ್ತಲ್ಲ ಬಿಡಿ ಅಂತಾರಲ್ಲ, ಆ ಮಾತು ನಮ್ಮ ಬೇಸಿಗೆಗೆ ಹೊಂದಲ್ಲ. ನಮ್ಮ ದೇಶದ ನಿಯಮದಲ್ಲಿ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಡೀಸೆಲ್‌ನಿಂದ ಏಳುವ ಉಷ್ಣತೆ 35 ಡಿಗ್ರಿಗಿಂತ ಕಡಿಮೆ ಇರಬಾರದು ಅಂತಿದೆ. ಏಪ್ರಿಲ್ ಮಧ್ಯಾಹ್ನದಲ್ಲಿ ನಮ್ಮೂರ ಬಿಸಿಲೇ ಅದನ್ನು ದಾಟುತ್ತೆ, ಬಾನೆಟ್ ಒಳಗಿನ ಬಿಸಿ ಕೇಳಬೇಕೇ? ಅದಕ್ಕೆ ಬೆಳಗಿನ ಹೊತ್ತು ಮಾಡಿ. ಬೀಡಿ ದೂರ. ಒಂದು ಬಕೆಟ್ ಮರಳು ಹತ್ತಿರ ಇರಲಿ. ಎಣ್ಣೆಯ ಬೆಂಕಿಗೆ ನೀರು ಎರಚಿದರೆ ಹರಡುತ್ತೆ. ಬ್ಯಾಟರಿಯ ಮೈನಸ್ ವೈರು ಬಿಚ್ಚಿ.

ಫಿಲ್ಟರ್ ಬಿಚ್ಚುವ ಮುಂಚೆ ಅದರ ಸುತ್ತ ಬ್ರಷ್ ಹಾಕಿ, ಬಟ್ಟೆಯಲ್ಲಿ ಒರೆಸಿ. ಇದನ್ನು ಎಲ್ಲರೂ ಬಿಡುತ್ತಾರೆ, ಆದರೆ ಇದೇ ಅರ್ಧ ಕೆಲಸ. ಬಿಚ್ಚುವಾಗ ಉದುರಿದ ಮಣ್ಣು ಸೋಸಿದ ಡೀಸೆಲ್ ಹೋಗುವ ದಾರಿಗೆ ಬಿದ್ದರೆ ಅದನ್ನು ತಡೆಯೋಕೆ ಮುಂದೆ ಇನ್ನೇನೂ ಇಲ್ಲ. ಕೆಳಗೆ ತಟ್ಟೆ ಇಟ್ಟು ಡೀಸೆಲ್ ಇಳಿಸಿ. ಡಬ್ಬಿ ಆಕಾರದ ಫಿಲ್ಟರ್ ಕೈಗೆ ಬರದಿದ್ದರೆ ಹಳೆ ಸೈಕಲ್ ಟ್ಯೂಬ್ ಸುತ್ತಿ ತಿರುಗಿಸಿ. ಬಂದ ಮೇಲೆ ಹಳೆ ರಬ್ಬರ್ ವಾಷರ್ ಮೇಲೆಯೇ ಅಂಟಿಕೊಂಡಿದೆಯಾ ನೋಡಿ, ಎರಡು ವಾಷರ್ ಕೂತರೆ ಸೋರೋದು ಖಂಡಿತ. ಹೊಸದರ ವಾಷರ್‌ಗೆ ಶುದ್ಧ ಡೀಸೆಲ್ ಸವರಿ. ಕೈಯಲ್ಲೇ ತಿರುಗಿಸಿ, ವಾಷರ್ ತಾಗಿದ ಮೇಲೆ ಫಿಲ್ಟರ್ ಮೇಲೆ ಬರೆದಿರುವಷ್ಟೇ ಬಿಗಿ ಮಾಡಿ, ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಪಟ್ಟು ಹಾಕಿ ಬಿಗಿದರೆ ವಾಷರ್ ಹಿಂಡಿಹೋಗುತ್ತೆ.

ಹೊಸ ಫಿಲ್ಟರ್‌ಗೆ ಮೊದಲೇ ಡೀಸೆಲ್ ತುಂಬಿಸಿ ಹಾಕುವವರಿದ್ದಾರೆ, ಏರ್ ಬೇಗ ಹೋಗುತ್ತೆ ಅಂತ. ನಮಗೆ ಅದು ಒಪ್ಪಿಗೆಯಿಲ್ಲ. ನಡುವಿನ ತೂತಿಗೆ ಸುರಿದದ್ದು ಸೋಸದೇ ನೇರ ಪಂಪಿಗೆ ಹೋಗುತ್ತೆ. ಕೈಪಂಪು ಇರೋದೇ ಅದಕ್ಕೆ, ನಾಲ್ಕು ನಿಮಿಷ ಹೆಚ್ಚು ಒತ್ತಿದರೆ ಆಯಿತು. ಏರ್ ತಿರುಪು ಸಡಿಲಿಸಿ ಪಂಪು ಒತ್ತುತ್ತಾ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್ ಬರುತ್ತೆ. ಆಗ ತಿರುಪು ಬಿಗಿ ಮಾಡಿ, ಪಂಪು ಗಟ್ಟಿಯಾಗುವವರೆಗೂ ಒತ್ತಿ. ಸುತ್ತ ಚೆಲ್ಲಿದ್ದನ್ನು ಒರೆಸಿದ ಮೇಲೆಯೇ ಬ್ಯಾಟರಿ ವೈರು ಹಾಕಿ. ಸೆಲ್ಫ್ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ಬಿಟ್ಟು ಬಿಟ್ಟು ಹೊಡೆಯಿರಿ. ಶುರುವಾದ ಮೇಲೆ ಐದು ನಿಮಿಷ ಹಾಗೇ ಓಡಲಿ, ಬೆರಳಲ್ಲಿ ವಾಷರ್ ಸುತ್ತ ಸವರಿ ನೋಡಿ.

ಎಷ್ಟು ಕಿಲೋಮೀಟರಿಗೆ ಒಂದು ಸಲ ಅಂತ ಒಬ್ಬ ಅಣ್ಣ ಕೇಳಿದರು. ಗಾಡಿಯ ಪುಸ್ತಕದಲ್ಲಿ ಬರೆದಿರುತ್ತೆ. ಧೂಳಿನ ಸೀಮೆಯಲ್ಲಿ ಓಡಿಸುವವರಿಗೆ ಬೇರೆ, ಕಡಿಮೆ ಲೆಕ್ಕ ಹೇಳಿದ್ದರೆ ನಮಗೆ ಅದೇ ಲೆಕ್ಕ. ಬದಲಿಸಿದ ದಿನ ಮೀಟರ್ ಎಷ್ಟಿತ್ತು ಅಂತ ಸಂಘದ ಪುಸ್ತಕ ಬರೆಯುವ ಅಕ್ಕಂದಿರೇ ಒಂದು ಹಾಳೆಯಲ್ಲಿ ಬರೆದಿಡಿ. ಡ್ರೈವರ್ ನೆನಪಿಗಿಂತ ನಿಮ್ಮ ಪುಸ್ತಕ ಗಟ್ಟಿ.

ಪೆಟ್ರೋಲ್ ಗಾಡಿಯವರಿಗೆ. ಕಾರ್ಬುರೇಟರ್ ಇರುವ ಹಳೆಯ ಮಾರುತಿ, ಓಮ್ನಿಗಳಲ್ಲಿ ಪೈಪಿನ ನಡುವೆ ಸಣ್ಣ ಫಿಲ್ಟರ್ ಇರುತ್ತೆ. ಅದರ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು, ಕ್ಲಿಪ್ ಹೊಸದಿರಬೇಕು. ಕೆಲಸ ಸುಲಭ, ಅಪಾಯ ದೊಡ್ಡದು. ಪೆಟ್ರೋಲ್ ಎಂಥ ಚಳಿಯಲ್ಲೂ ಆವಿಯಾಗುತ್ತೆ, ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಿಯುತ್ತೆ. ಅಂಗಳದಲ್ಲಿ ಚೆಲ್ಲಿದ್ದು ಒಳಮನೆಯ ಒಲೆಯವರೆಗೂ, ದೇವರ ದೀಪದವರೆಗೂ ಹೋಗಿ ಹೊತ್ತಿಕೊಳ್ಳಬಹುದು. ಇಂಜೆಕ್ಷನ್ ಇರುವ ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತೆ, ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತೆ. ಈಚಿನ ಎಷ್ಟೋ ಕಾರುಗಳಲ್ಲಿ ಫಿಲ್ಟರ್ ಟ್ಯಾಂಕಿನೊಳಗೇ ಇದೆ. ಇವೆರಡನ್ನೂ ಮನೆಯಲ್ಲಿ ಮುಟ್ಟಬೇಡಿ. 2025ರ ಹೊತ್ತಿಗೆ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥನಾಲ್ ತೇವ ಹೀರುತ್ತೆ, ಹಳೆ ಟ್ಯಾಂಕಿನ ಮಡ್ಡಿಯನ್ನು ಎಬ್ಬಿಸುತ್ತೆ, ಹಳೆ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತೆ. ಹಳೆ ಗಾಡಿಯವರು ಪೈಪುಗಳನ್ನು ಆಗಾಗ ಬಗ್ಗಿಸಿ ನೋಡಿ, ಬಿರುಕಿದ್ದರೆ ಬದಲಿಸಿ.

ಇಳಿಸಿದ ಹಳೆ ಡೀಸೆಲ್ ಏನು ಮಾಡೋದು? ಚರಂಡಿಗೆ ಬೇಡ, ಕೆರೆಯ ಕಡೆಗಂತೂ ಬೇಡವೇ ಬೇಡ. ಒಲೆಗೆ, ದೀಪಕ್ಕೆ ಹಾಕಬೇಡಿ. ತಂಪು ಪಾನೀಯದ ಬಾಟಲಿಯಲ್ಲಿ ಇಡಬೇಡಿ, ಮಕ್ಕಳು ಕುಡಿದುಬಿಡುತ್ತಾರೆ. ಗುರುತು ಬರೆದ ಡಬ್ಬಿಯಲ್ಲಿ ಇಟ್ಟು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಹೊರಗೆ ಹುಣಸೆ ಮರದ ಕೆಳಗೆ ಜೀಪು ಬೆಳಗಿನಿಂದ ನಿಂತಿದೆ, ಇಂಜಿನ್ ತಣ್ಣಗಿದೆ. ಬಾನೆಟ್ ತೆಗೆದಿಟ್ಟಿದ್ದೇವೆ. ಫಿಲ್ಟರ್, ಬ್ರಷ್, ತಟ್ಟೆ, ಮರಳಿನ ಬಕೆಟ್ ಎಲ್ಲ ಅಲ್ಲಿದೆ. ನಾವು ಪಕ್ಕದಲ್ಲಿ ನಿಂತಿರುತ್ತೇವೆ, ಕೈ ನಿಮ್ಮದಾಗಲಿ. ಅಕ್ಕಂದಿರು ಮೊದಲು ಬನ್ನಿ.